ಟ್ಯೂಬಿನ ಮೇಲೆ ಬರೆದ ಒಂದು ‘ಸಿ’

ಫೋಟೊದಲ್ಲಿ ಇದ್ದದ್ದು ಬ್ಯಾಕ್ಟೀರಿಯಾ ಬೆಳೆಸುವ ಒಂದು ಪ್ಲೇಟ್, ಖಾಲಿ. ಅದರೊಳಗಿನ ಜೆಲ್ಲಿ, ಅಂದರೆ ಅಗರ್, ನುಣ್ಣಗೆ ಹೊಳೆಯುತ್ತಿತ್ತು. ಹುಡುಕಿದರೂ ಒಂದು ಕಾಲೊನಿ, ಅಂದರೆ ಬ್ಯಾಕ್ಟೀರಿಯಾ ಬೆಳೆದ ಚುಕ್ಕೆ, ಇಲ್ಲ. ಫೋಟೊ ಕೆಳಗೆ ಎರಡೇ ಸಾಲು: ‘ನೀವು ಕಳಿಸಿದ ಡಿಎನ್‌ಎ ಹಾಕಿದರೆ ಏನೂ ಬೆಳೆಯುತ್ತಿಲ್ಲ. ಇದು ಎರಡನೇ ಸಲ.’

ಅದು 2018ರ ಜುಲೈ ಕೊನೆ. ನಾವು ಹನ್ನೊಂದು ಜನ ವಿದ್ಯಾರ್ಥಿಗಳು ಐಜೆಮ್ ಸ್ಪರ್ಧೆಗೆ ಇಳಿದು ಆಗಲೇ ಐದು ತಿಂಗಳಾಗಿತ್ತು. ಜೀವಕೋಶದೊಳಗೆ ಹೊಸ ಡಿಎನ್‌ಎ ಹಾಕಿ ಅದರಿಂದ ನಮಗೆ ಬೇಕಾದ ಕೆಲಸ ಮಾಡಿಸುವ ವಿದ್ಯೆಗೆ ಸಿಂಥೆಟಿಕ್ ಬಯಾಲಜಿ ಅನ್ನುತ್ತಾರೆ. ಅದರಲ್ಲಿ ವಿದ್ಯಾರ್ಥಿಗಳಿಗಾಗಿ ನಡೆಯುವ ದೊಡ್ಡ ಸ್ಪರ್ಧೆ ಐಜೆಮ್. 2003ರ ಜನವರಿಯಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಒಂದು ಸಣ್ಣ ಕೋರ್ಸ್ ಆಗಿ ಹುಟ್ಟಿದ್ದು. 2004ರಲ್ಲಿ ಸ್ಪರ್ಧೆಯಾದಾಗ ಇದ್ದದ್ದು ಬರೀ 5 ತಂಡ. ನಮ್ಮ ವರ್ಷ 300ಕ್ಕೂ ಜಾಸ್ತಿ ತಂಡಗಳಿದ್ದವು.

ನಮ್ಮ ಪ್ರಾಜೆಕ್ಟ್ ನೀರಿನಲ್ಲಿ ಆರ್ಸೆನಿಕ್ ಇದೆಯೇ ಅಂತ ಹೇಳುವ ಬ್ಯಾಕ್ಟೀರಿಯಾ. ಐಡಿಯಾ ಹೊಸದೇನಲ್ಲ. 2006ರಲ್ಲೇ ಎಡಿನ್‌ಬರೊ ತಂಡ ಇದೇ ಸ್ಪರ್ಧೆಯಲ್ಲಿ ಆರ್ಸೆನಿಕ್ ಸೆನ್ಸರ್ ಮಾಡಿತ್ತು. ಇ. ಕೋಲಿ ಅನ್ನುವ ಬ್ಯಾಕ್ಟೀರಿಯಾದಲ್ಲಿ ಆರ್ಸ್‌ಆರ್ ಅನ್ನುವ ಒಂದು ಪ್ರೋಟೀನ್ ಇದೆ. ಸುಮ್ಮನಿದ್ದಾಗ ಅದು ಡಿಎನ್‌ಎಯ ಒಂದು ಜಾಗವನ್ನು ಹಿಡಿದು ಕೂತಿರುತ್ತದೆ, ಮುಂದಿನ ಜೀನ್ ಕೆಲಸ ಮಾಡಲು ಬಿಡುವುದಿಲ್ಲ. ಆರ್ಸೆನಿಕ್ ಬಂದು ಅದಕ್ಕೆ ಅಂಟಿಕೊಂಡರೆ ಹಿಡಿತ ಬಿಡುತ್ತದೆ. ಆ ಜಾಗದ ಮುಂದೆ ಹಸಿರು ಬೆಳಕು ಕೊಡುವ ಜಿಎಫ್‌ಪಿ ಜೀನ್ ಇಟ್ಟರೆ ಆಯಿತು. ಆರ್ಸೆನಿಕ್ ಜಾಸ್ತಿ ಇದ್ದಷ್ಟೂ ಹಸಿರು ಜಾಸ್ತಿ. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಹಾಕಿರುವ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ, ಅಂದರೆ 10 ಪಿಪಿಬಿ. ಅಷ್ಟನ್ನು ಹಿಡಿಯಬೇಕು ಅನ್ನುವುದು ನಮ್ಮ ಗುರಿ.

ಇನ್ನು ಸಹಯೋಗದ ವಿಷಯ. ಆ ವರ್ಷ ಬೆಳ್ಳಿ ಪದಕಕ್ಕೆ ಇದ್ದ ಷರತ್ತುಗಳಲ್ಲಿ ಇನ್ನೊಂದು ತಂಡದ ಜೊತೆ ಅರ್ಥವಿರುವ ಕೆಲಸ ಮಾಡುವುದೂ ಒಂದು. ನಾವು ಅದನ್ನು ಓದಿಕೊಂಡದ್ದು ಹೇಗೆ ಗೊತ್ತಾ? ‘ಒಂದು ಫೋಟೊ, ಒಂದು ಪ್ಯಾರಾ.’ ಜೂನ್ ತಿಂಗಳಿಡೀ ನಮಗೆ ಬಂದ ಸಂದೇಶಗಳೂ ಅಂಥವೇ. ‘ನಮ್ಮ ಸರ್ವೆ ತುಂಬಿಕೊಡಿ, ನಿಮ್ಮದನ್ನು ನಾವು ತುಂಬುತ್ತೇವೆ.’ ‘ನಮ್ಮ ಪತ್ರಿಕೆಗೆ ನಿಮ್ಮ ಪ್ರಾಜೆಕ್ಟ್ ಬಗ್ಗೆ ನಾಲ್ಕು ಸಾಲು ಕೊಡಿ.’ ನಾವೂ ಬೇಡ ಅನ್ನಲಿಲ್ಲ. ಹದಿನಾಲ್ಕು ಸರ್ವೆ ತುಂಬಿದೆ, ನಾನೊಬ್ಬನೇ. ಒಂದರಲ್ಲಿ ಯಾವ ತಂಡ, ಯಾವ ಪ್ರಾಜೆಕ್ಟ್ ಅಂತ ನೋಡದೆ ಎಲ್ಲದಕ್ಕೂ ‘ತುಂಬಾ ಒಪ್ಪುತ್ತೇನೆ’ ಒತ್ತಿದ್ದೂ ಉಂಟು.

ಇದನ್ನು ನೋಡಿ ನಮ್ಮ ಮೇಡಂ ಒಂದು ಮಾತು ಕೇಳಿದರು. ‘ನಿಮ್ಮ ಕೈಲಾಗದ್ದು ಯಾವುದು?’

ನಾವು ಮುಖ ಮುಖ ನೋಡಿಕೊಂಡೆವು. ಕೈಲಾಗದ್ದು ಬೇಕಾದಷ್ಟಿತ್ತು. ಆದರೆ ಅದನ್ನು ಬರೆದು ಬೇರೆಯವರಿಗೆ ತೋರಿಸುವುದು ಅಂದರೆ ಮನೆಯ ಕೊಳೆ ಬಟ್ಟೆ ಬೀದಿಯಲ್ಲಿ ಹರವಿದ ಹಾಗೆ. ಆದರೂ ಅವರು ಬಿಡಲಿಲ್ಲ. ಕೊನೆಗೆ ಬರೆದೆವು: ನಮ್ಮ ಸೆನ್ಸರ್ ನಮ್ಮ ಲ್ಯಾಬ್ ಬಿಟ್ಟು ಬೇರೆ ಕಡೆ ಕೆಲಸ ಮಾಡುತ್ತದೋ ಇಲ್ಲವೋ ನಮಗೆ ಗೊತ್ತಿಲ್ಲ. ಯಾರಾದರೂ ಮಾಡಿ ನೋಡುತ್ತೀರಾ?

ಉತ್ತರ ಬಂದದ್ದು ಒಂದೇ ತಂಡದಿಂದ. ಅವರು ಇರುವುದು ಬೇರೆ ದೇಶದಲ್ಲಿ. ಅವರದೂ ಸೆನ್ಸರೇ, ಪಾದರಸ ಹಿಡಿಯುವುದು. ‘ಮಾಡಿ ನೋಡುತ್ತೇವೆ. ಆದರೆ ನಮಗೂ ಒಂದು ಕೆಲಸ ಆಗಬೇಕು, ಆಮೇಲೆ ಹೇಳುತ್ತೇವೆ’ ಅಂತ ಬರೆದಿದ್ದರು. ಆ ‘ಆಮೇಲೆ’ ಬಗ್ಗೆ ನಮ್ಮಲ್ಲಿ ಎರಡು ದಿನ ಚರ್ಚೆ ನಡೆಯಿತು.

ಡಿಎನ್‌ಎ ಕಳಿಸುವುದು ಹೇಗೆ ಅಂತ ಹೇಳುತ್ತೇನೆ, ಯಾಕೆಂದರೆ ನನಗೆ ಈ ಇಡೀ ಪ್ರಸಂಗದಲ್ಲಿ ತುಂಬಾ ಇಷ್ಟವಾದ ಭಾಗ ಅದು. ಬದುಕಿರುವ ಬ್ಯಾಕ್ಟೀರಿಯಾ ಕಳಿಸುವುದು ತಲೆನೋವು. ಪ್ಲಾಸ್ಮಿಡ್, ಅಂದರೆ ನಮ್ಮ ಜೀನ್‌ಗಳನ್ನು ಹೊತ್ತ ಡಿಎನ್‌ಎಯ ಸಣ್ಣ ಉಂಗುರ, ಅದೊಂದನ್ನೇ ಕಳಿಸಿದರೆ ಅದು ಬರೀ ಒಂದು ರಾಸಾಯನಿಕ. ಫಿಲ್ಟರ್ ಪೇಪರ್ ಮೇಲೆ ಪೆನ್ಸಿಲ್‌ನಲ್ಲಿ ಒಂದು ಸಣ್ಣ ವೃತ್ತ ಬರೆಯಬೇಕು. ಪೆನ್ ಆಗದು, ಶಾಯಿ ಹರಡುತ್ತದೆ. ವೃತ್ತದ ನಡುವೆ ಪಿಪೆಟ್‌ನಿಂದ ಕೆಲವು ಮೈಕ್ರೋಲೀಟರ್ ಪ್ಲಾಸ್ಮಿಡ್ ಬಿಡಬೇಕು. ಒದ್ದೆ ಕಲೆ ವೃತ್ತದ ಅಂಚಿನವರೆಗೆ ನಿಧಾನ ಹರಡಿ ನಿಲ್ಲುತ್ತದೆ. ಅರ್ಧ ಗಂಟೆಗೆ ಒಣಗುತ್ತದೆ. ಒಣಗಿದ ಮೇಲೆ ಅಲ್ಲಿ ಏನೂ ಕಾಣುವುದಿಲ್ಲ, ಖಾಲಿ ವೃತ್ತ ಅಷ್ಟೇ. ನಾಲ್ಕು ತಿಂಗಳ ಕೆಲಸ ಒಂದು ಕವರಿನೊಳಗೆ, ಕಾಣದ ಹಾಗೆ. ಆ ಕಡೆಯವರು ವೃತ್ತವನ್ನು ಕತ್ತರಿಸಿ ಸ್ವಲ್ಪ ನೀರಿನಲ್ಲಿ ನೆನೆಹಾಕಿ, ಆ ನೀರನ್ನು ಬ್ಯಾಕ್ಟೀರಿಯಾಗೆ ಕೊಟ್ಟರೆ ಮುಗಿಯಿತು.

ಕಾಗದಪತ್ರ ಮಾತ್ರ ಹಾಗೆ ಸುಲಭ ಇರಲಿಲ್ಲ. ಎರಡೂ ಕಡೆಯ ಬಯೋಸೇಫ್ಟಿ ಸಮಿತಿಗಳಿಗೆ ಪತ್ರ, ವಸ್ತು ವರ್ಗಾವಣೆಯ ಒಪ್ಪಂದ, ಅದಕ್ಕೆ ಸಹಿ. ಡಿಎನ್‌ಎ ಹೋಗಿ ತಲುಪಿದ್ದು ಆರು ದಿನದಲ್ಲಿ. ಸಹಿಗಳು ಸೇರಿದ್ದು ಮೂರು ವಾರದಲ್ಲಿ. ಸುಮ್ನೆ ಕವರಿಗೆ ಹಾಕಿ ಕಳಿಸಿಬಿಡೋಣ ಅಂದವರೂ ನಮ್ಮಲ್ಲಿದ್ದರು. ಮೇಡಂ ಕನ್ನಡಕದ ಮೇಲಿಂದ ಒಂದು ನೋಟ ನೋಡಿದರು. ಆ ಮಾತು ಅಲ್ಲಿಗೇ ನಿಂತಿತು.

ಹಾಗೆ ಹೋದ ಕವರಿನಿಂದ ಬಂದ ಉತ್ತರವೇ ಆ ಖಾಲಿ ಪ್ಲೇಟ್.

ನಮಗೆ ಮೊದಲು ಹೊಳೆದದ್ದು ‘ಅವರಿಗೆ ಟ್ರಾನ್ಸ್‌ಫಾರ್ಮೇಶನ್ (ಬ್ಯಾಕ್ಟೀರಿಯಾದೊಳಗೆ ಡಿಎನ್‌ಎ ಸೇರಿಸುವುದು) ಮಾಡಲು ಬರುವುದಿಲ್ಲ’ ಅಂತ. ಅವರಿಗೆ ಹೊಳೆದದ್ದು ‘ಇವರು ಕಾಗದಕ್ಕೆ ಡಿಎನ್‌ಎ ಹಾಕುವುದನ್ನೇ ಮರೆತಿದ್ದಾರೆ’ ಅಂತ. ಇದನ್ನು ನಾವು ಒಬ್ಬರಿಗೊಬ್ಬರು ಹೇಳಿಕೊಂಡದ್ದು ಬಹಳ ದಿನ ಆದಮೇಲೆ. ಆಗ ಬರೆದದ್ದೆಲ್ಲ ವಿನಯದ ಪತ್ರಗಳೇ. ‘ದಯವಿಟ್ಟು ಹೀಟ್ ಶಾಕ್ ಎಷ್ಟು ಸೆಕೆಂಡ್ ಕೊಟ್ಟಿರಿ ತಿಳಿಸುತ್ತೀರಾ?’ ‘ದಯವಿಟ್ಟು ಪ್ಲಾಸ್ಮಿಡ್ ಸಾಂದ್ರತೆ ಎಷ್ಟಿತ್ತು ತಿಳಿಸುತ್ತೀರಾ?’ ನಾಲ್ಕು ದಿನ ಹೀಗೇ ಕಳೆಯಿತು.

ಐದನೇ ದಿನ ನಮ್ಮ ತಂಡದ ಕಿರಿಯವಳು, ಮೊದಲ ವರ್ಷದವಳು, ಆ ಫೋಟೊವನ್ನು ದೊಡ್ಡದು ಮಾಡಿ ಪ್ಲೇಟಿನ ಅಂಚು ನೋಡಿದಳು. ಪ್ಲೇಟಿನ ಹಿಂಬದಿ ಮಾರ್ಕರ್‌ನಲ್ಲಿ ಬರೆದ ಅಕ್ಷರಗಳು ತಿರುಗಾಮುರುಗಾ ಕಾಣುತ್ತಿದ್ದವು. ಅವಳು ಫೋಟೊವನ್ನು ಕನ್ನಡಿಯಂತೆ ತಿರುಗಿಸಿ ಓದಿದಳು. ‘ಕಾರ್ಬ್, 100.’

ನಮ್ಮ ಪ್ಲಾಸ್ಮಿಡ್ ಪಿಎಸ್‌ಬಿ1ಸಿ3. ಅದು ಬ್ಯಾಕ್ಟೀರಿಯಾಗೆ ಕ್ಲೋರಾಂಫೆನಿಕಾಲ್ ಅನ್ನುವ ಆ್ಯಂಟಿಬಯಾಟಿಕ್ ತಡೆಯುವ ಶಕ್ತಿ ಕೊಡುತ್ತದೆ. ಪ್ಲಾಸ್ಮಿಡ್ ಒಳಹೊಕ್ಕ ಬ್ಯಾಕ್ಟೀರಿಯಾ ಮಾತ್ರ ಉಳಿಯಲಿ ಅಂತ ಪ್ಲೇಟಿಗೆ ಅದೇ ಆ್ಯಂಟಿಬಯಾಟಿಕ್ ಹಾಕಿರಬೇಕು. ನಾವು ಕವರ್ ಮೇಲೆ ವಿವರ ಬರೆಯುವಾಗ ‘ಆ್ಯಂಟಿಬಯಾಟಿಕ್: ಸಿ’ ಅಂತ ಬರೆದಿದ್ದೆವು. ನಮ್ಮ ಲ್ಯಾಬ್‌ನಲ್ಲಿ ಸಿ ಅಂದರೆ ಕ್ಲೋರಾಂಫೆನಿಕಾಲ್. ಟ್ಯೂಬಿನ ಮೇಲೂ ಸಿ, ಪ್ಲೇಟಿನ ಮೇಲೂ ಸಿ. ಅವರ ಲ್ಯಾಬ್‌ನಲ್ಲಿ ಸಿ ಅಂದರೆ ಕಾರ್ಬೆನಿಸಿಲಿನ್. ಆ್ಯಂಪಿಸಿಲಿನ್‌ನ ಹತ್ತಿರದ ಸಂಬಂಧಿ ಅದು. ನಮ್ಮ ಪ್ಲಾಸ್ಮಿಡ್ ಅದರ ಎದುರು ಏನೂ ಮಾಡಲಾರದು. ಬ್ಯಾಕ್ಟೀರಿಯಾ ಸತ್ತದ್ದರಲ್ಲಿ ಆಶ್ಚರ್ಯ ಇಲ್ಲ.

ಪುಣ್ಯಕ್ಕೆ ಅವರು ಕಾಗದದ ಅರ್ಧ ವೃತ್ತವನ್ನು ಉಳಿಸಿಕೊಂಡಿದ್ದರು. ಮೂರನೇ ಫೋಟೊ ಬಂದಾಗ ಪ್ಲೇಟ್ ತುಂಬಾ ಚುಕ್ಕೆ. ನಾವು ಎಣಿಸಲಿಲ್ಲ.

ಆಗಸ್ಟ್‌ನಲ್ಲಿ ಎರಡೂ ಕಡೆ ಅಳತೆ ಶುರುವಾಯಿತು. ಪ್ಲೇಟ್ ರೀಡರ್ ಅನ್ನುವ ಯಂತ್ರ 96 ಗುಣಿಗಳ ತಟ್ಟೆಯನ್ನು ನುಂಗಿ, ಪ್ರತಿ ಗುಣಿಯಲ್ಲಿ ಎಷ್ಟು ಹಸಿರು ಬೆಳಕಿದೆ, ಎಷ್ಟು ಬ್ಯಾಕ್ಟೀರಿಯಾ ಇದೆ ಅಂತ ಸಂಖ್ಯೆ ಕೊಡುತ್ತದೆ. ನಮ್ಮ ಸೆನ್ಸರ್‌ಗೆ 50 ಪಿಪಿಬಿ ಕೊಟ್ಟಾಗ ನಮ್ಮ ಯಂತ್ರ ಹೇಳಿದ್ದು 38,000 ಚಿಲ್ಲರೆ. ಅವರ ಯಂತ್ರ ಹೇಳಿದ್ದು 900. ನಮ್ಮ ಹುಡುಗನೊಬ್ಬ ‘ನಮ್ಮದೇ ಚೆನ್ನಾಗಿದೆ’ ಅಂದ. ಅವನನ್ನು ನಂಬುವ ಆಸೆ ಎಲ್ಲರಿಗೂ ಇತ್ತು.

ಆದರೆ ಆ ಸಂಖ್ಯೆಗಳಿಗೆ ಘಟಕವೇ ಇರಲಿಲ್ಲ. 38,000 ಏನು? ಗ್ರಾಮೋ, ಮಾರೋ, ಮೊಳವೋ? ಪ್ಲೇಟ್ ರೀಡರ್‌ನಲ್ಲಿ ಗೇನ್ ಅನ್ನುವ ಒಂದು ಸೆಟ್ಟಿಂಗ್ ಇರುತ್ತದೆ. ರೇಡಿಯೊದ ವಾಲ್ಯೂಮ್ ಇದ್ದ ಹಾಗೆ. ಅದನ್ನು ಏರಿಸಿದರೆ ಸಂಖ್ಯೆ ಏರುತ್ತದೆ. ಇಬ್ಬರು ಬೇರೆ ಬೇರೆ ವಾಲ್ಯೂಮ್‌ನಲ್ಲಿ ರೇಡಿಯೊ ಇಟ್ಟುಕೊಂಡು, ಹಾಡಿದವರ ದನಿ ಯಾರ ಮನೆಯಲ್ಲಿ ಜೋರು ಅಂತ ವಾದ ಮಾಡಿದ ಹಾಗಾಗಿತ್ತು ನಮ್ಮದು.

ಇದಕ್ಕೆ ಮದ್ದು ನಮ್ಮ ಫ್ರಿಜ್‌ನಲ್ಲೇ ಇತ್ತು. ಐಜೆಮ್‌ನವರು ಇಂಟರ್‌ಲ್ಯಾಬ್ ಅಂತ ಒಂದು ಅಧ್ಯಯನ ನಡೆಸುತ್ತಿದ್ದರು. ಭಾಗವಹಿಸಿದ ತಂಡಗಳೆಲ್ಲ ಒಂದೇ ಪ್ಲಾಸ್ಮಿಡ್‌ಗಳನ್ನು ಒಂದೇ ವಿಧಾನದಲ್ಲಿ ಅಳೆದು ಕಳಿಸುವುದು. ಅದಕ್ಕಾಗಿ ಕೊಟ್ಟ ಕಿಟ್‌ನಲ್ಲಿ ಫ್ಲೋರೊಸೀನ್ ಅನ್ನುವ ಹಸಿರು ಹೊಳೆಯುವ ಬಣ್ಣ ಮತ್ತು ಸಿಲಿಕಾ ಮಣಿಗಳಿದ್ದವು. ಒಂದೊಂದು ಮಣಿಯ ಅಗಲ ಸುಮಾರು ಒಂದು ಮೈಕ್ರಾನ್, ಹೆಚ್ಚುಕಡಿಮೆ ಒಂದು ಬ್ಯಾಕ್ಟೀರಿಯಾದಷ್ಟೇ. ಎಷ್ಟು ಬಣ್ಣ, ಎಷ್ಟು ಮಣಿ ಹಾಕಿದ್ದೇವೆ ಅಂತ ನಮಗೆ ಮೊದಲೇ ಗೊತ್ತಿರುತ್ತದೆ. ಅದನ್ನು ಅರ್ಧಕ್ಕರ್ಧ ತೆಳು ಮಾಡುತ್ತ ಹೋಗಿ, ಪ್ರತಿ ಹಂತದಲ್ಲೂ ಯಂತ್ರ ಏನು ಹೇಳುತ್ತದೆ ಅಂತ ಬರೆದುಕೊಂಡರೆ, ಯಂತ್ರದ ಭಾಷೆಯಿಂದ ನಿಜವಾದ ಘಟಕಕ್ಕೆ ಅನುವಾದ ಮಾಡುವ ಕೋಷ್ಟಕ ಸಿಕ್ಕಿದ ಹಾಗೆ. ಇಂಟರ್‌ಲ್ಯಾಬ್ ಕೆಲಸವನ್ನು ನಾವು ಮೇ ತಿಂಗಳಲ್ಲೇ ಮಾಡಿ ಕಳಿಸಿದ್ದೆವು. ಅದನ್ನು ನಮ್ಮ ಸ್ವಂತ ಪ್ರಾಜೆಕ್ಟ್‌ಗೂ ಬಳಸಬಹುದು ಅಂತ ಒಬ್ಬರಿಗೂ ಹೊಳೆದಿರಲಿಲ್ಲ. ಪರೀಕ್ಷೆಗೆ ಓದಿದ್ದು ಪರೀಕ್ಷೆಗೆ ಮಾತ್ರ ಅನ್ನುವ ಹಳೇ ಅಭ್ಯಾಸ.

ಅದನ್ನು ನೆನಪಿಸಿದ್ದು ಅವರ ತಂಡದವಳೊಬ್ಬಳು. ‘ಮಣಿ ಇದೆಯಲ್ವಾ ನಿಮ್ಮ ಹತ್ತಿರ?’ ಅಂತ ಕೇಳಿದಳು, ಅಷ್ಟೇ.

ಮಣಿಗಳ ಬಗ್ಗೆ ಒಂದು ಮಾತು. ಅವು ಕ್ಷಣ ಬಿಟ್ಟರೆ ತಳಕ್ಕೆ ಕೂತುಬಿಡುತ್ತವೆ. ಮೇಲಿನ ನೀರನ್ನು ಎಳೆದರೆ ಮಣಿಯೇ ಬರುವುದಿಲ್ಲ. ಟ್ಯೂಬನ್ನು ಪ್ರತಿ ಸಲ ಚೆನ್ನಾಗಿ ಕುಲುಕಬೇಕು, ಕುಲುಕಿದ ಕೂಡಲೇ ಪಿಪೆಟ್ ಮಾಡಬೇಕು, ತಟ್ಟೆಯನ್ನು ಯಂತ್ರಕ್ಕೆ ಹಾಕುವ ಮುಂಚೆಯೂ ಗುಣಿಗಳನ್ನು ಕಲಕಬೇಕು. ಮೊದಲ ಸಲ ಫೋನ್ ಬಂತು ಅಂತ ಎದ್ದುಹೋಗಿ ಬಂದೆ. ಗ್ರಾಫ್‌ನಲ್ಲಿ ನೇರ ಗೆರೆ ಬರುವ ಬದಲು ಮುರಿದ ಬಾಚಣಿಗೆಯಂಥದ್ದು ಬಂತು. ಮಾರನೇ ದಿನ ಫೋನನ್ನು ಕಪಾಟಿನಲ್ಲಿಟ್ಟು ಕೂತೆ.

ಅನುವಾದ ಆದಮೇಲೆ 40 ಪಟ್ಟು ಇದ್ದ ವ್ಯತ್ಯಾಸ ಸುಮಾರು 5 ಪಟ್ಟಿಗೆ ಇಳಿಯಿತು. ಕುಣಿದಾಡಿದೆವು. ಆದರೆ 5 ಪಟ್ಟು ಕಡಿಮೆಯೇನಲ್ಲ. ನಮ್ಮ ಲ್ಯಾಬ್‌ನಲ್ಲಿ ‘ಅಪಾಯ’ ಅಂತ ಹೇಳುವ ಸೆನ್ಸರ್ ಅವರ ಲ್ಯಾಬ್‌ನಲ್ಲಿ ‘ಪರವಾಗಿಲ್ಲ, ಕುಡಿಯಿರಿ’ ಅನ್ನುತ್ತಿತ್ತು. ಇನ್ನೊಂದು ವಿಚಿತ್ರ ಇತ್ತು. ಆರ್ಸೆನಿಕ್ ಹಾಕದ ಗುಣಿಗಳಲ್ಲಿ ಇಬ್ಬರ ಸಂಖ್ಯೆಯೂ ಹೆಚ್ಚುಕಡಿಮೆ ಒಂದೇ. ಹಾಕಿದ ಗುಣಿಗಳಲ್ಲಿ ಮಾತ್ರ ಅವರದು ಮೇಲೇಳುತ್ತಲೇ ಇರಲಿಲ್ಲ. ಅಂದರೆ ತಪ್ಪು ಯಂತ್ರದಲ್ಲಿಲ್ಲ, ಬ್ಯಾಕ್ಟೀರಿಯಾದಲ್ಲೂ ಇಲ್ಲ.

ಸೆಪ್ಟೆಂಬರ್ ಮೊದಲ ವಾರ ವಿಡಿಯೊ ಕಾಲ್ ಇಟ್ಟುಕೊಂಡೆವು. ನಮಗೆ ರಾತ್ರಿ, ಅವರಿಗೆ ಮಧ್ಯಾಹ್ನ. ಪ್ರೋಟೊಕಾಲ್ ಅನ್ನು, ಅಂದರೆ ಪ್ರಯೋಗದ ಹಂತಗಳ ಪಟ್ಟಿಯನ್ನು, ಸಾಲು ಸಾಲಾಗಿ ಗಟ್ಟಿಯಾಗಿ ಓದುವುದು ಅಂತ ತೀರ್ಮಾನ. ಇದು ಬಹಳ ಬೇಜಾರಿನ ಕೆಲಸ. ಒಬ್ಬರು ಓದಬೇಕು, ಎರಡೂ ಕಡೆಯವರು ‘ಹೌದು’ ಅನ್ನಬೇಕು. ಮೀಡಿಯಂ, ಅಂದರೆ ಬ್ಯಾಕ್ಟೀರಿಯಾ ಬೆಳೆಸುವ ಆಹಾರದ ದ್ರವ, ಬಂದಾಗ ಮೊದಲ ‘ಇಲ್ಲ’ ಸಿಕ್ಕಿತು. ನಾವು ಬೆಳೆಸಿದ್ದು ಎಲ್‌ಬಿಯಲ್ಲಿ, ಅವರು ಎಂ9ರಲ್ಲಿ. ಎಲ್‌ಬಿ ತಾನೇ ಸ್ವಲ್ಪ ಹಸಿರು ಹೊಳೆಯುತ್ತದೆ, ಅದಕ್ಕೇ ಎಂ9 ಬಳಸಿದೆವು ಅಂದರು. ಅದು ಸರಿಯಾದ ಕಾರಣವೇ. ಅಷ್ಟರಿಂದ 5 ಪಟ್ಟು ವ್ಯತ್ಯಾಸ ಬರಬಹುದೇ? ಯಾರಿಗೂ ಖಾತ್ರಿ ಇರಲಿಲ್ಲ. ಮುಂದಕ್ಕೆ ಹೋದೆವು.

‘ಆರ್ಸೆನಿಕ್ ಸೇರಿಸಿ’ ಅನ್ನುವ ಸಾಲು ಬಂತು. ಎರಡೂ ಕಡೆ ‘ಹೌದು’. ಮುಂದಿನ ಸಾಲಿಗೆ ಹೋಗುತ್ತಿದ್ದಾಗ ಆ ಮಣಿಯ ಹುಡುಗಿ ನಿಲ್ಲಿಸಿದಳು. ‘ಬಾಟಲಿ ತೋರಿಸುತ್ತೀರಾ?’

ನಮ್ಮವಳು ಗ್ಲೌಸ್ ಹಾಕಿಕೊಂಡು ಹೋಗಿ, ಬೀಗದ ಕಪಾಟಿನಿಂದ ಬಾಟಲಿ ತಂದು ಕ್ಯಾಮೆರಾ ಮುಂದೆ ಹಿಡಿದಳು. ಅವರೂ ಅವರದನ್ನು ಹಿಡಿದರು. ಪರದೆಯ ಮೇಲೆ ಎರಡು ಬಾಟಲಿ ಪಕ್ಕ ಪಕ್ಕ. ನಮ್ಮದು ಸೋಡಿಯಂ ಆರ್ಸೆನೈಟ್. ಅವರದು ಸೋಡಿಯಂ ಆರ್ಸೆನೇಟ್.

ಕನ್ನಡದಲ್ಲಿ ಬರೆದರೆ ನೇ, ನೈ, ಅಷ್ಟೇ ಫರಕು. ಆದರೆ ಬ್ಯಾಕ್ಟೀರಿಯಾಗೆ ಅವೆರಡೂ ಬೇರೆ ಬೇರೆ ಬಾಗಿಲಲ್ಲಿ ಬರುವ ಅತಿಥಿಗಳು. ಆರ್ಸೆನೇಟ್ ನೋಡಲು ಫಾಸ್ಫೇಟ್ ಥರ ಇರುತ್ತದೆ. ಹಾಗಾಗಿ ಫಾಸ್ಫೇಟ್‌ಗೆ ಇರುವ ಬಾಗಿಲಿನಿಂದಲೇ ನುಸುಳಿ ಒಳಗೆ ಬರುತ್ತದೆ. ಒಳಗೆ ಬಂದಮೇಲೆ ಆರ್ಸೆನೈಟ್ ಆಗಿ ಬದಲಾಗಿ ಆರ್ಸ್‌ಆರ್‌ಗೆ ಅಂಟಿಕೊಳ್ಳುತ್ತದೆ. ಆರ್ಸೆನೈಟ್‌ಗೆ ಆ ಬಾಗಿಲು ಬೇಕಿಲ್ಲ, ಗ್ಲಿಸರಾಲ್ ಒಳಗೆ ಹೋಗುವ ದಾರಿಯಲ್ಲಿ ಸಲೀಸಾಗಿ ನುಗ್ಗುತ್ತದೆ. ಈಗ ಎಂ9 ಅನ್ನು ನೆನಪಿಸಿಕೊಳ್ಳಿ. ಲೀಟರಿಗೆ 6 ಗ್ರಾಂ ಡೈಸೋಡಿಯಂ ಫಾಸ್ಫೇಟ್, 3 ಗ್ರಾಂ ಪೊಟ್ಯಾಸಿಯಂ ಫಾಸ್ಫೇಟ್. ಫಾಸ್ಫೇಟ್‌ನ ಜಾತ್ರೆ. ಆ ನೂಕುನುಗ್ಗಲಿನಲ್ಲಿ ಲೀಟರಿಗೆ ಮೈಕ್ರೋಗ್ರಾಂ ಲೆಕ್ಕದ ಆರ್ಸೆನೇಟ್‌ಗೆ ಬಾಗಿಲ ಹತ್ತಿರ ಹೋಗಲೂ ಜಾಗ ಇಲ್ಲ.

ಇದನ್ನು ನಾನು ಈಗ ಹೀಗೆ ಸಲೀಸಾಗಿ ಬರೆಯುತ್ತಿದ್ದೇನೆ. ಆ ರಾತ್ರಿ ನಮಗೆ ಇದಾವುದೂ ಗೊತ್ತಿರಲಿಲ್ಲ. ಕಾಲ್ ಆಫ್ ಮಾಡದೆ ಎರಡೂ ಕಡೆಯವರು ಪೇಪರ್‌ಗಳನ್ನು ಹುಡುಕುತ್ತ ಕೂತೆವು. ಯಾರೋ ಏನೋ ಸಿಕ್ಕಿತು ಅನ್ನುವುದು, ಉಳಿದವರು ಓದುವುದು. ಒಂದೂವರೆ ಗಂಟೆ ಯಾರೂ ಜಾಸ್ತಿ ಮಾತಾಡಲಿಲ್ಲ. ಸಹಯೋಗ ಅಂದರೆ ನನಗೆ ಇವತ್ತಿಗೂ ಕಣ್ಣ ಮುಂದೆ ಬರುವುದು ಆ ಮೌನವೇ, ಮೈಕ್‌ನಲ್ಲಿ ಬೇರೆ ದೇಶದ ಕೀಬೋರ್ಡ್‌ಗಳ ಸದ್ದು.

ಅವರು ಆರ್ಸೆನೈಟ್ ತರಿಸಿ ಮತ್ತೆ ಮಾಡಿದರು. ಈ ಸಲ ಅವರ ಸಂಖ್ಯೆ ಮೇಲೆದ್ದಿತು. ಎಷ್ಟು ಮೇಲೆ ಅಂದರೆ, ನಮ್ಮದನ್ನೇ ದಾಟಿಬಿಟ್ಟಿತು.

ಈಗ ಬೆವರುವ ಸರದಿ ನಮ್ಮದು. ‘ನೀವು 10 ಪಿಪಿಬಿ ಹೇಗೆ ಮಾಡುತ್ತೀರಿ?’ ಅಂತ ಅವರು ಕೇಳಿದರು. ಇಷ್ಟು ಮಿಲಿಗ್ರಾಂ ತೂಗಿ, ಇಷ್ಟು ನೀರಿಗೆ ಹಾಕಿ, ಹೀಗೆ ತೆಳು ಮಾಡುತ್ತೇವೆ ಅಂತ ಲೆಕ್ಕ ಕಳಿಸಿದೆವು. ಎರಡು ನಿಮಿಷದಲ್ಲಿ ಉತ್ತರ: ‘ಇದು ಉಪ್ಪಿನ ತೂಕ ಅಲ್ವಾ?’

ಹೌದು. ನಾವು ತೂಗಿದ್ದು ಸೋಡಿಯಂ ಆರ್ಸೆನೈಟ್. ಅದರ ಅಣುತೂಕ ಸುಮಾರು 130. ಅದರೊಳಗಿನ ಆರ್ಸೆನಿಕ್‌ನದು ಸುಮಾರು 75. ನೀರಿನ ಮಿತಿ ಹೇಳುವುದು ಆರ್ಸೆನಿಕ್ ಲೆಕ್ಕದಲ್ಲಿ. ನಾವು 10 ಪಿಪಿಬಿ ಅಂತ ಐದು ತಿಂಗಳಿಂದ ಹೇಳಿಕೊಂಡು ಬಂದದ್ದು ನಿಜವಾಗಿ 6ಕ್ಕಿಂತ ಕಡಿಮೆ. ಎಲ್ಲ ಗ್ರಾಫ್‌ಗಳ ಅಡಿಗೆರೆ ತಪ್ಪು. ಪೋಸ್ಟರ್‌ನಲ್ಲಿ ತಪ್ಪು. ಆಗಲೇ ಒಂದು ಕಡೆ ಮಾಡಿ ಬಂದಿದ್ದ ಭಾಷಣದಲ್ಲಿ ತಪ್ಪು. ಆ ಲೆಕ್ಕ ಮೊದಲು ಬರೆದವನು ನಾನು. ಅದಾದ ಮೇಲೆ ಐದು ಜನ ಅದನ್ನು ಬಳಸಿದ್ದರು, ಒಬ್ಬರೂ ಪರೀಕ್ಷಿಸಿರಲಿಲ್ಲ. ನಮ್ಮವರೇ ಬರೆದದ್ದು, ಸರಿಯೇ ಇರುತ್ತದೆ ಅನ್ನುವ ನಂಬಿಕೆ.

ಒಂದು ಸಮಾಧಾನ ಇತ್ತು. ನಾವು ಹೇಳಿಕೊಂಡದ್ದಕ್ಕಿಂತ ಕಡಿಮೆ ಆರ್ಸೆನಿಕ್‌ಗೇ ಸೆನ್ಸರ್ ಹೊಳೆಯುತ್ತಿತ್ತು, ಅಂದರೆ ಅದು ನಾವಂದುಕೊಂಡದ್ದಕ್ಕಿಂತ ಚೂಟಿ. ಮೇಡಂ ಅದನ್ನು ಒಪ್ಪಲಿಲ್ಲ. ‘ತಪ್ಪು ಲೆಕ್ಕದಿಂದ ಲಾಭ ಬಂದರೂ ಅದು ತಪ್ಪು ಲೆಕ್ಕವೇ’ ಅಂದು, ನನ್ನ ಹತ್ತಿರವೇ ಇಪ್ಪತ್ತಮೂರು ಗ್ರಾಫ್ ಮತ್ತೆ ಮಾಡಿಸಿದರು.

ಹೇಳಿಕೆಯನ್ನೂ ಬದಲಾಯಿಸಬೇಕಾಯಿತು. ‘ನೀರಿನಲ್ಲಿರುವ ಆರ್ಸೆನಿಕ್ ಪತ್ತೆ ಮಾಡುತ್ತದೆ’ ಅಂತ ನಾವು ಎಲ್ಲ ಕಡೆ ಬರೆದಿದ್ದೆವು. ಫಾಸ್ಫೇಟ್ ಜಾಸ್ತಿ ಇರುವ ಕಡೆ ಆರ್ಸೆನೇಟ್ ಇದ್ದರೆ ನಮ್ಮ ಸೆನ್ಸರ್ ಅದನ್ನು ಕಡಿಮೆ ತೋರಿಸುತ್ತದೆ ಅಂತ ಈಗ ಗೊತ್ತಾಗಿತ್ತು. ಅದನ್ನು ಬರೆಯಬೇಕೇ ಬೇಡವೇ ಅಂತ ತಂಡದಲ್ಲಿ ಜಗಳವೇ ಆಯಿತು. ಪದಕ ಹೋಗುತ್ತದೆ ಅಂತ ಕೆಲವರು. ಬರೆದೆವು. ಅವರ ಎಂ9 ಗ್ರಾಫ್ ಅನ್ನು, ಅಂದರೆ ನಮ್ಮ ಸೆನ್ಸರ್ ಸೋತ ಗ್ರಾಫ್ ಅನ್ನು, ನಮ್ಮ ಪುಟದ ನಡುವೆಯೇ ಹಾಕಿದೆವು.

ಅವರ ‘ಆಮೇಲೆ’ ಕೆಲಸಕ್ಕೆ ಬರುತ್ತೇನೆ. ಅವರ ಒಂದು ಜೀನ್‌ನ ನಡುವೆ ಜಿಎಎಟಿಟಿಸಿ ಅನ್ನುವ ಆರು ಅಕ್ಷರ ಇತ್ತು. ಇಕೋಆರ್‌ಒನ್ ಅನ್ನುವ ಕಿಣ್ವ ಕತ್ತರಿ ಹಾಕುವ ಜಾಗ ಅದು. ಬಯೋಬ್ರಿಕ್ ಅನ್ನುವ ಡಿಎನ್‌ಎ ಜೋಡಿಸುವ ನಿಯಮದಲ್ಲಿ ಡಿಎನ್‌ಎ ತುಂಡುಗಳ ಎರಡೂ ತುದಿಗೆ ಗೊತ್ತಾದ ಕತ್ತರಿ ಜಾಗಗಳಿರಬೇಕು, ನಡುವೆ ಇರಕೂಡದು. ಇದ್ದರೆ ಜೋಡಿಸುವಾಗ ಜೀನೇ ಎರಡು ತುಂಡಾಗುತ್ತದೆ. ಆ ಆರು ಅಕ್ಷರದಲ್ಲಿ ಒಂದನ್ನು ಬದಲಾಯಿಸಬೇಕು, ಆದರೆ ಪ್ರೋಟೀನ್ ಬದಲಾಗಬಾರದು. ಅವರು ಮೂರು ಸಲ ಪ್ರಯತ್ನಿಸಿ ಸೋತಿದ್ದರು. ನಮ್ಮಲ್ಲಿ ಒಬ್ಬಳು ಈ ಕೆಲಸದಲ್ಲಿ ಪಳಗಿದವಳು. ಉಳಿದ ವಿಷಯದಲ್ಲಿ ಮಹಾ ಸೋಮಾರಿ, ಅದು ಬೇರೆ ಮಾತು.

ಡಿಎನ್‌ಎಯ ಮೂರು ಮೂರು ಅಕ್ಷರ ಪ್ರೋಟೀನಿನ ಒಂದೊಂದು ತುಣುಕನ್ನು ಹೇಳುತ್ತದೆ. ಜಿಎಎ ಅಂದರೂ ಗ್ಲುಟಮೇಟ್, ಜಿಎಜಿ ಅಂದರೂ ಗ್ಲುಟಮೇಟ್. ಮೂರನೇ ಅಕ್ಷರ ಎ ಇದ್ದದ್ದನ್ನು ಜಿ ಮಾಡಿದರೆ ಕತ್ತರಿಗೆ ಜಾಗ ಸಿಗದು, ಪ್ರೋಟೀನ್‌ಗೆ ಗೊತ್ತೇ ಆಗದು. ಬದಲಾದ ಅಕ್ಷರ ಇರುವ ಪ್ರೈಮರ್ (ನಕಲು ಶುರುಮಾಡುವ ಸಣ್ಣ ಡಿಎನ್‌ಎ ತುಂಡು) ಹಾಕಿ ಇಡೀ ಪ್ಲಾಸ್ಮಿಡ್ ಅನ್ನು ಪಿಸಿಆರ್‌ನಲ್ಲಿ ನಕಲು ಮಾಡಬೇಕು. ಆಮೇಲೆ ಡಿಪಿಎನ್‌ಒನ್ ಅನ್ನುವ ಕಿಣ್ವ ಹಾಕಬೇಕು. ಬ್ಯಾಕ್ಟೀರಿಯಾದಲ್ಲಿ ಹುಟ್ಟಿದ ಹಳೇ ಡಿಎನ್‌ಎಗೆ ಮೀಥೈಲ್ ಗುರುತು ಇರುತ್ತದೆ, ಅದನ್ನು ಮಾತ್ರ ಇದು ತಿಂದುಹಾಕುತ್ತದೆ. ಹೊಸ ನಕಲು ಉಳಿಯುತ್ತದೆ. ಅವರು ಸೋತದ್ದು ಇಲ್ಲೇ ಇರಬೇಕು ಅಂತ ನಮ್ಮವಳು ಹೇಳಿದಳು, ಕಿಣ್ವಕ್ಕೆ ಹದಿನೈದೇ ನಿಮಿಷ ಕೊಟ್ಟಿದ್ದರಂತೆ. ಇವಳು ಎರಡು ಗಂಟೆ ಕೊಟ್ಟಳು. ಆರು ಕಾಲೊನಿ ಆರಿಸಿ, ಡಿಎನ್‌ಎ ತೆಗೆದು, ಇಕೋಆರ್‌ಒನ್‌ನಿಂದ ಕತ್ತರಿಸಿ ಜೆಲ್ ಓಡಿಸಿದಳು. ಅದರಲ್ಲಿ ತುಂಡುಗಳು ಉದ್ದದ ಪ್ರಕಾರ ಬೇರೆ ಬೇರೆ ಪಟ್ಟಿಯಾಗಿ ಕಾಣುತ್ತವೆ. ಹಳೆಯದಾದರೆ ಎರಡು ಪಟ್ಟಿ, ಹೊಸದಾದರೆ ಒಂದೇ. ಆರರಲ್ಲಿ ನಾಲ್ಕು ಒಂದೇ ಪಟ್ಟಿ. ಅಕ್ಷರಗಳನ್ನು ಒಂದೊಂದಾಗಿ ಓದುವ ಸೀಕ್ವೆನ್ಸಿಂಗ್‌ನಲ್ಲೂ ಜಿ ಕಂಡಿತು.

ಮತ್ತೆ ಫಿಲ್ಟರ್ ಪೇಪರ್, ಮತ್ತೆ ಪೆನ್ಸಿಲ್ ವೃತ್ತ. ಈ ಸಲ ಪಕ್ಕದಲ್ಲಿ ‘ಕ್ಲೋರಾಂಫೆನಿಕಾಲ್, 25 ಮೈಕ್ರೋಗ್ರಾಂ ಪ್ರತಿ ಮಿಲಿಲೀಟರಿಗೆ’ ಅಂತ ಪೂರ್ತಿ ಬರೆದೆವು. ಅಕ್ಷರ ವೃತ್ತಕ್ಕಿಂತ ದೊಡ್ಡದಾಯಿತು.

ಆ ವರ್ಷ ಅಕ್ಟೋಬರ್ ನಡುವೆ ಎಲ್ಲ ತಂಡಗಳ ವಿಕಿಗೆ, ಅಂದರೆ ಪ್ರಾಜೆಕ್ಟ್ ವಿವರಿಸುವ ವೆಬ್ ಪುಟಗಳಿಗೆ, ಬೀಗ ಬೀಳುವುದಿತ್ತು. ಆಮೇಲೆ ಒಂದು ಅಲ್ಪವಿರಾಮವನ್ನೂ ಬದಲಾಯಿಸಲಾಗದು. ಯಾರು ಏನು ಮಾಡಿದರು ಅಂತ ಹೇಳುವ ಪುಟವೂ ಅದರಲ್ಲಿರಬೇಕು. ಆರ್ಸೆನೇಟ್ ಸಂಗತಿ ಕಂಡುಹಿಡಿದವರು ಯಾರು? ಬಾಟಲಿ ಕೇಳಿದ್ದು ಅವರು. ಫಾಸ್ಫೇಟ್ ಬಗ್ಗೆ ಪೇಪರ್ ಸಿಕ್ಕಿದ್ದು ನಮಗೆ. ಪ್ರಯೋಗ ಅವರದು, ಸೆನ್ಸರ್ ನಮ್ಮದು. ಎರಡೂ ಕಡೆ ಒಂದೇ ಪ್ಯಾರಾ ಹಾಕೋಣ ಅಂತ ನಾನು ಅಂದೆ. ಅವರು ಒಪ್ಪಲಿಲ್ಲ. ಪ್ರತಿ ಸಾಲಿಗೂ ಯಾವ ದಿನ, ಯಾವ ಲ್ಯಾಬ್ ಅಂತ ಬರೆಯೋಣ ಅಂದರು. ಬೀಗ ಬೀಳುವ ಹಿಂದಿನ ರಾತ್ರಿ ಅದನ್ನು ಬರೆಯುತ್ತಾ ಕೂತಾಗ ಸಿಟ್ಟು ಬಂದದ್ದು ನಿಜ. ಆದರೆ ಸ್ಪರ್ಧೆಯ ಕೊನೆಯ ಹಂತ ನಡೆದ ಬೋಸ್ಟನ್‌ನಲ್ಲಿ ತೀರ್ಪುಗಾರರು ಕೇಳಿದ ಎಂಟು ಪ್ರಶ್ನೆಗಳಲ್ಲಿ ಐದು ಆ ಪಟ್ಟಿಯಿಂದಲೇ ಬಂದವು. ಪಟ್ಟಿ ಇಲ್ಲದಿದ್ದರೆ ನಾವು ತಡವರಿಸುತ್ತಿದ್ದೆವು.

ಬೋಸ್ಟನ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅಕ್ಟೋಬರ್ ಕೊನೆ, ಹೈನ್ಸ್ ಕನ್ವೆನ್ಶನ್ ಸೆಂಟರ್, ಸಾವಿರಾರು ಜನ, ಒಂದೊಂದು ತಂಡಕ್ಕೆ ಒಂದೊಂದು ಬಣ್ಣದ ಟೀ ಶರ್ಟ್. ಆ ತಂಡದವರನ್ನು ಮೊದಲ ಸಲ ಎದುರಾಎದುರು ನೋಡಿದ್ದು ಅಲ್ಲೇ. ಮಣಿಯ ಹುಡುಗಿ ವಿಡಿಯೊದಲ್ಲಿ ಕಂಡದ್ದಕ್ಕಿಂತ ತುಂಬಾ ಎತ್ತರ ಇದ್ದಳು. ಬೆಳ್ಳಿ ಬಂತು, ಎರಡೂ ತಂಡಕ್ಕೆ. ಚಿನ್ನ ಬರಲಿಲ್ಲ, ಅದಕ್ಕೆ ಬೇರೆ ಕಾರಣಗಳಿದ್ದವು.

ಇಂಟರ್‌ಲ್ಯಾಬ್‌ನ ಆ ವರ್ಷದ ಫಲಿತಾಂಶ 2020ರಲ್ಲಿ ಕಮ್ಯುನಿಕೇಶನ್ಸ್ ಬಯಾಲಜಿ ಪತ್ರಿಕೆಯಲ್ಲಿ ಬಂತು. 244 ಲ್ಯಾಬ್‌ಗಳ ಅಳತೆ ಒಂದೇ ಲೇಖನದಲ್ಲಿ. ಬ್ಯಾಕ್ಟೀರಿಯಾ ಎಣಿಸಲು ಹೋಲಿಸಿ ನೋಡಿದ ವಿಧಾನಗಳಲ್ಲಿ ಆ ಮಣಿಗಳದೇ ಮೇಲುಗೈ ಅಂತ ಅದು ಹೇಳುತ್ತದೆ. ಅವಳಿಗೆ ಕೊಂಡಿ ಕಳಿಸಿದೆ. ‘ನಾನು ಹೇಳಿರಲಿಲ್ವಾ’ ಅಂತ ಬರೆದಳು.

ಲೆಕ್ಕ ಸರಿಮಾಡಿ, ಉಪ್ಪು ಸರಿಮಾಡಿ, ಮೀಡಿಯಂ ಒಂದೇ ಮಾಡಿದ ಮೇಲೂ ನಮ್ಮಿಬ್ಬರ ಸಂಖ್ಯೆಗಳ ನಡುವೆ ಒಂದೂವರೆ ಪಟ್ಟು ವ್ಯತ್ಯಾಸ ಉಳಿಯಿತು. ಅದು ಕೊನೆಗೂ ಬಗೆಹರಿಯಲಿಲ್ಲ. ಅವರ ಶೇಕರ್ ನಿಧಾನ ತಿರುಗುತ್ತದೆ ಅಂತ ನನ್ನ ಅನುಮಾನ. ನಮ್ಮ ನೀರು ಸರಿಯಿಲ್ಲ ಅಂತ ಅವಳದು. ಹೋದ ತಿಂಗಳು ಮಾತಾಡಿದಾಗಲೂ ಮೊದಲ ಹತ್ತು ನಿಮಿಷ ಅದೇ ಜಗಳ.